ಕರುಳಿನ ಉರಿಗೆ ಪ್ರತಿಕಾಯದ ಮದ್ದು: ಆಮ್‌ಸ್ಟರ್‌ಡ್ಯಾಮಿನಿಂದ ಹುನಗುಂದದವರೆಗೆ

1993ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸೆಂಟೊಕೋರ್ ಕಂಪನಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ರಕ್ತಕ್ಕೆ ನಂಜೇರಿದ ರೋಗಿಗಳನ್ನು ಉಳಿಸಬಹುದೆಂದು ಅದು ತಯಾರಿಸಿದ್ದ ‘ಸೆಂಟಾಕ್ಸಿನ್’ ಎಂಬ ಪ್ರತಿಕಾಯದ ಔಷಧಿಗೆ ಹಿಂದಿನ ವರ್ಷವೇ ಅಮೆರಿಕ ಸರ್ಕಾರ ಒಪ್ಪಿಗೆ ಕೊಡದೆ, ಇನ್ನೊಂದು ಪ್ರಯೋಗ ಮಾಡಿ ತೋರಿಸಿ ಎಂದಿತ್ತು. ಆ ಪ್ರಯೋಗದಲ್ಲಿ ಒಂದು ಗುಂಪಿನ ರೋಗಿಗಳಲ್ಲಿ ಔಷಧಿ ಪಡೆದವರೇ ಹೆಚ್ಚು ಸತ್ತರು. ಕಂಪನಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿತು, ಷೇರು ನೆಲ ಕಚ್ಚಿತು. ಅದರ ಕೈಯಲ್ಲಿ ಉಳಿದಿದ್ದವುಗಳಲ್ಲಿ ಸಿಎ2 ಎಂಬ ಇನ್ನೊಂದು ಪ್ರತಿಕಾಯವೂ ಒಂದು. ಅದನ್ನೂ ನಂಜಿಗೆಂದೇ ತಯಾರಿಸಿದ್ದರು.

ಅಷ್ಟರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯಕೀಯ ಕೇಂದ್ರದಲ್ಲಿ ಈ ಸಿಎ2 ಬೇರೊಂದು ದಾರಿ ಹಿಡಿದಿತ್ತು. ಅಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿಂದ ನರಳುತ್ತಿದ್ದ ಹದಿಹರೆಯದ ಹುಡುಗಿಯೊಬ್ಬಳಿಗೆ ಯಾವ ಔಷಧಿಯೂ ನಾಟುತ್ತಿರಲಿಲ್ಲ. ಸ್ಯಾಂಡರ್ ವಾನ್ ಡೆವೆಂಟರ್ ಅವರ ತಂಡ ನಂಜಿನ ಸಂಶೋಧನೆಯಿಂದ ಈ ಪ್ರತಿಕಾಯವನ್ನು ಬಲ್ಲದ್ದಾಗಿತ್ತು. ಬೇರೆ ಉಪಾಯ ಕಾಣದೆ ಅದನ್ನೇ ಹುಡುಗಿಯ ರಕ್ತನಾಳಕ್ಕೆ ಹರಿಸಿದರು. ಕರುಳಿನ ಹುಣ್ಣು ಮಾಯತೊಡಗಿತು. ಗುಣ ಉಳಿದದ್ದು ಕೆಲವೇ ತಿಂಗಳು. ಆದರೂ 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆ ಪುಟ್ಟ ವರದಿಯಿಂದಲೇ ಕರುಳಿನ ಕಾಯಿಲೆಗೆ ಬಯೋಲಾಜಿಕ್, ಅಂದರೆ ಜೀವಕೋಶದಲ್ಲಿ ಬೆಳೆಸುವ ಔಷಧಿಗಳ ಯುಗ ಶುರುವಾಯಿತು. ಒಂದು ರೋಗಕ್ಕೆ ಸೋತ ಕಂಪನಿಗೆ ಇನ್ನೊಂದು ರೋಗದಲ್ಲಿ ದಾರಿ ಸಿಕ್ಕಿತು.

ಆ ಔಷಧಿ ಇಂದು ಬೆಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಗಳ ತಜ್ಞರು ಬರೆದುಕೊಡುವ ಮದ್ದಾಗಿದೆ. ಹುಟ್ಟಿದ ನಾಡಿನಲ್ಲಿ ಅದು ಎದುರಿಸಿದ್ದು ವಿಜ್ಞಾನದ ಪ್ರಶ್ನೆಗಳನ್ನು. ನಮ್ಮ ನಾಡಿಗೆ ಬಂದಾಗ ಕ್ಷಯ ಮತ್ತು ಬೆಲೆ ಎಂಬ ಎರಡು ಹೊಸಿಲುಗಳನ್ನು ಅದು ದಾಟಬೇಕಾಯಿತು.

ಕೊಲೆ ಮೊಕದ್ದಮೆಯಲ್ಲಿ ಸಿಕ್ಕ ರೋಗ

ವೈದ್ಯರು ಐಬಿಡಿ ಎನ್ನುವ ಕರುಳಿನ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಹುಣ್ಣು ಮಾಡುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು, ಕರುಳಿನ ಗೋಡೆಯನ್ನೇ ಕೊರೆದು, ಕೆಲವರಲ್ಲಿ ಭಗಂದರವಾಗಿ ಹೊರಗೆ ಬಾಯಿ ತೆರೆಯುತ್ತದೆ. ರೋಗನಿರೋಧಕ ಶಕ್ತಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುವುದು ಎರಡರ ಮೂಲದಲ್ಲೂ ಇದೆ.

ಮೊದಲನೆಯದರ ಹೆಸರು ವೈದ್ಯಕೀಯ ದಾಖಲೆಗೆ ಬಂದದ್ದು ಕೊಲೆ ಮೊಕದ್ದಮೆಯೊಂದರ ನಡುವೆ. 1859ರಲ್ಲಿ ಲಂಡನ್ನಿನ ಥಾಮಸ್ ಸ್ಮೆಥರ್ಸ್ಟ್ ಎಂಬ ವೈದ್ಯನ ಮೇಲೆ ಇಸಬೆಲ್ಲಾ ಬ್ಯಾಂಕ್ಸ್ ಎಂಬಾಕೆಗೆ ವಿಷವಿಟ್ಟ ಆರೋಪ ಬಂತು. ಆಕೆಯ ಕರುಳನ್ನು ಪರೀಕ್ಷಿಸಿದ ಸ್ಯಾಮ್ಯುಯೆಲ್ ವಿಲ್ಕ್ಸ್, ಅದರ ತುಂಬ ಹುಣ್ಣುಗಳಿದ್ದುದನ್ನು ಬರೆದಿಟ್ಟರು. ಸ್ಮೆಥರ್ಸ್ಟ್‌ಗೆ ಮರಣದಂಡನೆಯಾಯಿತು, ಆಮೇಲೆ ಕ್ಷಮೆಯೂ ಸಿಕ್ಕಿತು. ಆಕೆಗಿದ್ದದ್ದು ಕೊಲೈಟಿಸ್ಸೋ ಕ್ರೋನ್ಸೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ.

ಎರಡನೆಯದರ ಕಥೆ ದನದ ಕೊಟ್ಟಿಗೆಯವರೆಗೂ ಹೋಗುತ್ತದೆ. 1913ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ಕೆನೆಡಿ ಡಾಲ್‌ಜೀಲ್, ತಾನು ಕಂಡ ಕರುಳಿನ ಊತ ದನಗಳಿಗೆ ಬರುವ ಜೋನ್ಸ್ ರೋಗವನ್ನು ಹೋಲುತ್ತದೆ ಎಂದು ಬರೆದರು. ದನದ ಆ ರೋಗಕ್ಕೆ ಕಾರಣ ಕ್ಷಯದ ಬಳಗದ್ದೇ ಒಂದು ಸೂಕ್ಷ್ಮಾಣು. ಕ್ರೋನ್ಸ್‌ಗೂ ಅದೇ ಕಾರಣವಿರಬಹುದೆಂಬ ವಾದ ಇವತ್ತಿಗೂ ಆಗಾಗ ಏಳುತ್ತದೆ. ಆದರೆ ಆ ಸೂಕ್ಷ್ಮಾಣುವಿನ ವಿರುದ್ಧ ಆಸ್ಟ್ರೇಲಿಯಾದಲ್ಲಿ ಎರಡು ವರ್ಷ ಆ್ಯಂಟಿಬಯೋಟಿಕ್ ಕೊಟ್ಟು ನೋಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಳಿಕೆಯ ಲಾಭ ಕಾಣಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಮೂವರೂ 14 ರೋಗಿಗಳ ವಿವರ ಪ್ರಕಟಿಸಿದರು. ಲೇಖಕರ ಹೆಸರು ಅಕಾರಾದಿಯಲ್ಲಿ ಹಾಕಿದ್ದರಿಂದ ಕ್ರೋನ್ ಮೊದಲಿಗರಾದರು, ರೋಗಕ್ಕೂ ಅವರ ಹೆಸರೇ ಅಂಟಿತು.

ಮದ್ದಿನ ದಾರಿ ನಿಧಾನದ್ದು. ಸ್ವೀಡನ್ನಿನ ನಾನಾ ಸ್ವಾರ್ಟ್ಸ್ ಕೀಲುನೋವಿಗೆಂದು ರೂಪಿಸಿದ ಸಲ್ಫಾಸಲಜೀನ್ 1940ರ ದಶಕದಲ್ಲಿ ಕೊಲೈಟಿಸ್ಸಿಗೆ ಒದಗಿತು. 1955ರಲ್ಲಿ ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಸುಮಾರು 41 ಶೇಕಡಾ ಮಂದಿಯ ರೋಗ ಅಡಗಿತು, ಹುಸಿಮದ್ದು ಪಡೆದವರಲ್ಲಿ 16 ಶೇಕಡಾ ಮಾತ್ರ. ಆದರೆ ಸ್ಟೀರಾಯ್ಡ್ ನಿಲ್ಲಿಸಿದರೆ ರೋಗ ಮರುಕಳಿಸುತ್ತಿತ್ತು, ಮುಂದುವರಿಸಿದರೆ ಮುಖ ಊದಿ, ಮೂಳೆ ಸವೆದು, ಸಕ್ಕರೆ ಕಾಯಿಲೆ ಬರುತ್ತಿತ್ತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೊಪ್ರೀನ್ ಕೆಲಸ ಮಾಡಲು ತಿಂಗಳುಗಳೇ ಬೇಕು. ಯಾವುದೂ ನಡೆಯದಿದ್ದರೆ ಕರುಳು ಕತ್ತರಿಸಿ ಹೊಟ್ಟೆಯ ಹೊರಗೆ ಚೀಲ ಕಟ್ಟುವುದೊಂದೇ ಉಳಿಯುತ್ತಿತ್ತು.

1975: ಎರಡು ಪ್ರಯೋಗಶಾಲೆಗಳು

ಬಯೋಲಾಜಿಕ್ ಔಷಧಿಯ ಎರಡು ಬೇರುಗಳು ಒಂದೇ ವರ್ಷ ಮೊಳೆತವು. 1975ರಲ್ಲಿ ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜಸ್ ಕೋಲರ್, ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ಉಪಾಯ ಕಂಡುಹಿಡಿದರು. ಪ್ರತಿಕಾಯ ಮಾಡುವ ಇಲಿಯ ಜೀವಕೋಶವನ್ನು ಸಾಯದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರೆ, ಆ ಸಂಕರ ಕೋಶ ಒಂದೇ ಪ್ರತಿಕಾಯವನ್ನು ಸುರಿಸುತ್ತಲೇ ಇರುತ್ತದೆ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈ ವಿಧಾನಕ್ಕೆ ಬ್ರಿಟನ್ ಪೇಟೆಂಟ್ ಮಾಡಿಸಲಿಲ್ಲ, ಹೀಗಾಗಿ ಯಾರು ಬೇಕಾದರೂ ಬಳಸುವಂತಾಯಿತು. ಸರ್ಕಾರ ದೊಡ್ಡ ಆದಾಯ ಕಳೆದುಕೊಂಡಿತೆಂದು ಅಲ್ಲಿಯ ರಾಜಕಾರಣಿಗಳು ಆಮೇಲೆ ದೂರಿದರು.

ಅದೇ ವರ್ಷ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಲಾಯ್ಡ್ ಓಲ್ಡ್ ಅವರ ತಂಡ, ಇಲಿಗಳ ಗಡ್ಡೆಯನ್ನು ಕೊಳೆಯಿಸುವ ವಸ್ತುವೊಂದನ್ನು ಗುರುತಿಸಿ ಟಿಎನ್ಎಫ್ ಎಂದು ಹೆಸರಿಟ್ಟಿತು. ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಎಲ್ಲರೂ ಹಿಗ್ಗಿದರು. ಮನುಷ್ಯರಿಗೆ ಕೊಟ್ಟಾಗ ಅದು ವಿಷದಂತೆ ವರ್ತಿಸಿತು. ಟಿಎನ್ಎಫ್ ಎಂದರೆ ದೇಹ ಉರಿಯೂತ ಎಬ್ಬಿಸಲು ಬಳಸುವ ಸಂದೇಶ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಅದನ್ನು ಕೊಡುವ ಬದಲು ತಡೆದರೆ ಹೇಗೆ ಎಂಬ ಪ್ರಶ್ನೆ ಎದ್ದಿತು. 1985ರಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಆಂಟನಿ ಸೆರಾಮಿ, ಟಿಎನ್ಎಫ್ ತಡೆದರೆ ಇಲಿಗಳು ನಂಜಿನಿಂದ ಬದುಕುತ್ತವೆಂದು ತೋರಿಸಿದರು. ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಿಂದ 1964ರಲ್ಲಿ ತಪ್ಪಿಸಿಕೊಂಡು ಬಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನೆಲೆಯೂರಿದ್ದ ಯಾನ್ ವಿಲ್ಚೆಕ್, ಸಹೋದ್ಯೋಗಿ ಜುನ್‌ಮಿಂಗ್ ಲೆ ಜೊತೆಗೂಡಿ ಟಿಎನ್ಎಫ್ ಹಿಡಿಯುವ ಇಲಿ ಪ್ರತಿಕಾಯವನ್ನು ತಯಾರಿಸಿದರು. ಸೆಂಟೊಕೋರ್ ಅದಕ್ಕೆ ಮನುಷ್ಯನ ಪ್ರತಿಕಾಯದ ಭಾಗ ಜೋಡಿಸಿತು. ಅದೇ ಸಿಎ2, ಮುಂದೆ ಇನ್‌ಫ್ಲಿಕ್ಸಿಮ್ಯಾಬ್ ಎಂದು ಹೆಸರಾಯಿತು.

ಈ ಸಾಧನೆಯ ಕೀರ್ತಿ ಯಾರಿಗೆ ಸಲ್ಲಬೇಕೆಂಬುದರಲ್ಲಿ ಒಮ್ಮತವಿಲ್ಲ. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ 1992ರಲ್ಲಿ ಸಂಧಿವಾತದ ರೋಗಿಗಳಿಗೆ ಇದೇ ಪ್ರತಿಕಾಯ ಕೊಟ್ಟು ಗೆದ್ದರು, 2003ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದರು. ಪ್ರತಿಕಾಯ ತಯಾರಿಸಿದವರು ವಿಲ್ಚೆಕ್, ತಡೆಯುವ ಕಲ್ಪನೆಯನ್ನು ಇಲಿಗಳಲ್ಲಿ ತೋರಿಸಿದವರು ಬ್ಯೂಟ್ಲರ್ ಮತ್ತು ಸೆರಾಮಿ, ಕರುಳಿಗೆ ತಂದವರು ಆಮ್‌ಸ್ಟರ್‌ಡ್ಯಾಮಿನವರು.

1997ರಲ್ಲಿ ನಿರ್ಣಾಯಕ ಪ್ರಯೋಗ ಹೊರಬಂತು. ಸ್ಟೀಫನ್ ಟಾರ್ಗನ್ ಅವರ ತಂಡ 108 ಕ್ರೋನ್ಸ್ ರೋಗಿಗಳಿಗೆ ಒಂದೇ ಒಂದು ಸಲ ಔಷಧಿಯನ್ನೋ ಹುಸಿಮದ್ದನ್ನೋ ಹರಿಸಿತು. ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಪಡೆದವರಲ್ಲಿ ನಾಲ್ಕು ವಾರಕ್ಕೆ 81 ಶೇಕಡಾ ಮಂದಿ ಸುಧಾರಿಸಿದರು, ಹುಸಿಮದ್ದಿನ ಗುಂಪಿನಲ್ಲಿ 17 ಶೇಕಡಾ. 1998ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಸರೇಟಿವ್ ಕೊಲೈಟಿಸ್ಸಿಗೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಅಷ್ಟರಲ್ಲಿ ಒಂದು ಒಗಟು ಎದ್ದಿತ್ತು. ಟಿಎನ್ಎಫ್ ತಡೆಯುವ ಇನ್ನೊಂದು ಔಷಧಿ ಎಟನರ್ಸೆಪ್ಟ್ ಕೀಲಿಗೆ ಚೆನ್ನಾಗಿ ಕೆಲಸ ಮಾಡಿದರೂ ಕ್ರೋನ್ಸ್‌ನಲ್ಲಿ ಸೋತಿತು. ಪ್ರತಿಕಾಯ ಕರುಳಿನಲ್ಲಿ ಟಿಎನ್ಎಫ್ ಅನ್ನು ಹೀರಿಕೊಳ್ಳುವುದಷ್ಟೇ ಅಲ್ಲ, ಉರಿಯೂತದ ಕೋಶಗಳನ್ನೇ ಇಲ್ಲವಾಗಿಸುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಮೊದಲ ಹೊಸಿಲು: ಕ್ಷಯ

2001ರಲ್ಲಿ ಕಹಿ ಸುದ್ದಿ ಬಂತು. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಗೆ ಕ್ಷಯ ಬಂದದ್ದನ್ನು ಜೋಸೆಫ್ ಕೀನ್ ಮತ್ತು ಸಂಗಡಿಗರು ವರದಿ ಮಾಡಿದರು. ಅವರಲ್ಲಿ 48 ಮಂದಿಗೆ ಮೂರು ಅಥವಾ ಅದಕ್ಕೂ ಕಡಿಮೆ ಡೋಸಿನಲ್ಲೇ ರೋಗ ಎದ್ದಿತ್ತು, ಅರ್ಧಕ್ಕಿಂತ ಹೆಚ್ಚಿನವರಲ್ಲಿ ಶ್ವಾಸಕೋಶದ ಹೊರಗೆ. ಕ್ಷಯದ ಸೂಕ್ಷ್ಮಾಣು ದೇಹ ಹೊಕ್ಕಾಗ ರಕ್ಷಕ ಕೋಶಗಳು ಅದರ ಸುತ್ತ ಕೋಟೆ ಕಟ್ಟಿ ಕೂಡಿಹಾಕುತ್ತವೆ, ಆ ಕೋಟೆಯನ್ನು ನಿಲ್ಲಿಸುವುದು ಟಿಎನ್ಎಫ್. ಅದನ್ನು ತೆಗೆದರೆ ಗೋಡೆ ಬಿರಿದು, ಒಳಗೆ ಮಲಗಿದ್ದ ಸೂಕ್ಷ್ಮಾಣು ಹೊರಬರುತ್ತದೆ.

ಅಮೆರಿಕ, ಯುರೋಪುಗಳಿಗೆ ಇದು ಎಚ್ಚರಿಕೆಯ ಮಾತಾಯಿತು. ಭಾರತಕ್ಕೆ ಇದು ಬುಡದ ಪ್ರಶ್ನೆ. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 15 ವರ್ಷ ಮೀರಿದವರಲ್ಲಿ ಸುಮಾರು 31 ಶೇಕಡಾ ಮಂದಿಯ ದೇಹದಲ್ಲಿ ಕ್ಷಯದ ಸೋಂಕು ಸುಮ್ಮನೆ ಮಲಗಿದೆ.

ಅದಕ್ಕೂ ಮೊದಲು ಇನ್ನೊಂದು ತೊಡಕಿತ್ತು. ಕರುಳಿನ ಕ್ಷಯವೂ ಕ್ರೋನ್ಸೂ ನೋಡಲು ಅವಳಿಗಳು. ಎರಡೂ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗವನ್ನೇ ಇಷ್ಟಪಡುತ್ತವೆ. ಎರಡರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿತ. ಟಿಎನ್ಎಫ್ ತಡೆಯುವ ಮದ್ದನ್ನು ಕ್ಷಯದ ರೋಗಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ದೆಹಲಿಯ ಏಮ್ಸ್‌ನ ಎಚ್.ಡಿ. ಟಂಡನ್ ಮತ್ತು ಎ. ಪ್ರಕಾಶ್ 1972ರಲ್ಲೇ ಇವೆರಡನ್ನು ಬೇರ್ಪಡಿಸುವ ಗುರುತುಗಳನ್ನು ಬರೆದರು. 1999ರಲ್ಲಿ ವೆಲ್ಲೂರಿನ ಅನ್ನಾ ಪುಲಿಮೂಡ್ ತಂಡ, ಕೊಲೊನೋಸ್ಕೋಪಿಯಲ್ಲಿ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರ್ಪಡಿಸಬಹುದೆಂದು ತೋರಿಸಿತು. ಆದರೂ ಅನುಮಾನ ಉಳಿದಾಗ ನಮ್ಮ ವೈದ್ಯರು ಹಿಡಿದ ದಾರಿ, ಮೊದಲು ಕ್ಷಯದ ಮಾತ್ರೆ ಕೊಟ್ಟು ನೋಡುವುದು. ಹುಣ್ಣು ಮಾಯ್ದರೆ ಕ್ಷಯ, ಮಾಯದಿದ್ದರೆ ಕ್ರೋನ್ಸ್. ಇದು ಎಷ್ಟೋ ಜೀವ ಉಳಿಸಿತು. ಜೊತೆಗೇ ಕ್ರೋನ್ಸ್ ಇದ್ದವರ ತಿಂಗಳುಗಳನ್ನು ತಿಂದಿತು, ಆ ನಡುವೆ ಕರುಳು ಕಿರಿದಾಗುತ್ತ ಹೋಯಿತು.

ಉತ್ತರ ಕರ್ನಾಟಕದಲ್ಲಿ ಈ ದಾರಿ ಇನ್ನೂ ಉದ್ದ. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ರಾಮಥಾಳದಂಥ ಊರಿನಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ಮೂಲವ್ಯಾಧಿ, ಆಮೇಲೆ ಆಮಶಂಕೆ, ಕೊನೆಗೆ ಹೊಟ್ಟೆಯ ಟಿಬಿ. ಒಂದು ಕಾಲಕ್ಕೆ ಈ ಸೀಮೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ 1894ರಲ್ಲಿ ಶುರುವಾದ ಮಿರಜಿನ ವಾನ್ಲೆಸ್ ಆಸ್ಪತ್ರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಬಂದವು. ಕರುಳಿನೊಳಗೆ ಇಣುಕುವ ಕೊಲೊನೋಸ್ಕೋಪಿ ಮಾತ್ರ ಜಿಲ್ಲಾ ಪಟ್ಟಣಗಳಿಗೆ ತಡವಾಗಿ ಬಂತು. ಅದಿಲ್ಲದೆ ಈ ರೋಗವನ್ನು ಖಚಿತವಾಗಿ ಹೇಳಲಾಗದು.

ಕ್ಷಯದ ಹೊಸಿಲಿಗೆ ಉತ್ತರವನ್ನು ಭಾರತದ ತಜ್ಞರು ಕೆಲಸ ಮಾಡುತ್ತಲೇ ಕಂಡುಕೊಂಡರು. ಎದೆಯ ಎಕ್ಸ್‌ರೇ, ಚರ್ಮದ ಪರೀಕ್ಷೆ, ರಕ್ತಪರೀಕ್ಷೆಗಳ ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಸೇರಿಸಿ ಬಿಗಿಯಾಗಿ ಶೋಧಿಸಿದರೆ ಕ್ಷಯ ಮರಳುವುದು ಗಣನೀಯವಾಗಿ ತಗ್ಗುತ್ತದೆಂದು ದೆಹಲಿಯ ಏಮ್ಸ್ ತಂಡ 2022ರಲ್ಲಿ ವರದಿ ಮಾಡಿತು. ಇನ್ನೊಂದು ಉತ್ತರ ಹೊಸ ಔಷಧಿಯಿಂದ ಬಂತು. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೆಡೊಲಿಜುಮ್ಯಾಬ್ ಟಿಎನ್ಎಫ್ ಗೊಡವೆಗೆ ಹೋಗದೆ, ಉರಿಯೂತದ ಬಿಳಿರಕ್ತಕಣಗಳು ಕರುಳಿನೊಳಗೆ ನುಗ್ಗುವ ಬಾಗಿಲನ್ನಷ್ಟೇ ಮುಚ್ಚುತ್ತದೆ. ಅದೇ ದಶಕದಲ್ಲಿ ರಾಮಥಾಳದ ಹೆಸರು 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆಯಿಂದ ದೂರದೂರಕ್ಕೆ ಹೋಯಿತು. ಸ್ಟೀರಾಯ್ಡ್ ಕಾಲುವೆ ನೀರಿನಂತೆ ಇಡೀ ಹೊಲ ತೋಯಿಸಿದರೆ, ವೆಡೊಲಿಜುಮ್ಯಾಬ್ ಗಿಡದ ಬುಡಕ್ಕೆ ಹನಿಸಿದಂತೆ. ದೇಹದ ಉಳಿದ ಕಡೆಯ ಕಾವಲು ಬಹುಪಾಲು ಹಾಗೇ ಇರುವುದರಿಂದ ಕ್ಷಯದ ನಾಡಿನಲ್ಲಿ ವೈದ್ಯರಿಗೆ ಅದು ಹೆಚ್ಚು ನೆಮ್ಮದಿ ಕೊಟ್ಟಿತು.

ಎರಡನೇ ಹೊಸಿಲು: ಬೆಲೆ

ಇನ್‌ಫ್ಲಿಕ್ಸಿಮ್ಯಾಬ್ ಆರಂಭದಲ್ಲಿ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ರಕ್ತನಾಳಕ್ಕೆ ಹರಿಸುವ ಮದ್ದು. ಟಿಎನ್ಎಫ್ ತಡೆಯುವ ಇನ್ನೊಂದು ಪ್ರತಿಕಾಯ ಅಡಾಲಿಮುಮ್ಯಾಬ್ ಎರಡು ವಾರಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚುವಂಥದ್ದು. ಎರಡನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ನಿಲ್ಲಿಸುವ ದಿನಾಂಕ ಇಲ್ಲದ ಇಂಥ ಖರ್ಚನ್ನು ಬಹುತೇಕ ಭಾರತೀಯರು ಜೇಬಿನಿಂದಲೇ ಕಟ್ಟಬೇಕಿತ್ತು.

ದುಡ್ಡು ಒದಗಿದಾಗ ಡೋಸ್ ತೆಗೆದುಕೊಂಡು, ಇಲ್ಲದಾಗ ಬಿಡುವುದಕ್ಕೆ ದೇಹ ಶಿಕ್ಷೆ ಕೊಡುತ್ತದೆ. ಬೆಲ್ಜಿಯಂನ ಲ್ಯೂವೆನ್ ಕೇಂದ್ರದ ತಂಡ, ಬೇಕೆನಿಸಿದಾಗ ಮಾತ್ರ ಇನ್‌ಫ್ಲಿಕ್ಸಿಮ್ಯಾಬ್ ಪಡೆದ 125 ರೋಗಿಗಳನ್ನು 2003ರಲ್ಲಿ ಪರೀಕ್ಷಿಸಿದಾಗ 61 ಶೇಕಡಾ ಮಂದಿಯ ದೇಹ ಆ ಔಷಧಿಯ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡಿತ್ತು. ಅಂಥವರಲ್ಲಿ ಮದ್ದಿನ ಪರಿಣಾಮ ಬೇಗ ಕುಗ್ಗಿತು. ಅಂದರೆ ಬಡತನದಿಂದ ತಪ್ಪಿದ ಡೋಸು ಮುಂದಿನ ಡೋಸನ್ನೂ ಕೆಡಿಸುತ್ತದೆ. 2010ರ ಸೋನಿಕ್ ಪ್ರಯೋಗ 508 ರೋಗಿಗಳಲ್ಲಿ, ಅಗ್ಗದ ಅಜಥಯೊಪ್ರೀನನ್ನು ಇನ್‌ಫ್ಲಿಕ್ಸಿಮ್ಯಾಬ್ ಜೊತೆಗೆ ಕೊಟ್ಟರೆ ಎರಡರಲ್ಲಿ ಯಾವೊಂದಕ್ಕಿಂತಲೂ ಮೇಲು ಎಂದು ತೋರಿಸಿತು.

ಬೆಲೆ ಇಳಿಸುವ ದಾರಿ ತೆರೆದದ್ದು ಬಯೋಸಿಮಿಲರ್‌ಗಳು, ಅಂದರೆ ಮೂಲ ಔಷಧಿಗೆ ತೀರ ಹತ್ತಿರದ ಮರುತಯಾರಿಕೆಗಳು. ಜೀವಕೋಶದಲ್ಲಿ ಬೆಳೆಸುವ ಪ್ರತಿಕಾಯವನ್ನು ಸಾದಾ ಮಾತ್ರೆಯಂತೆ ಯಥಾವತ್ ನಕಲಿಸಲಾಗದು. ಭಾರತ ಇದಕ್ಕೆ 2012ರಲ್ಲಿ ನಿಯಮ ರೂಪಿಸಿತು, 2016ರಲ್ಲಿ ಪರಿಷ್ಕರಿಸಿತು. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ‘ಎಕ್ಸೆಂಪ್ಷಿಯಾ’ ಹೆಸರಿನಲ್ಲಿ ಜಗತ್ತಿನ ಮೊದಲ ಅಡಾಲಿಮುಮ್ಯಾಬ್ ಬಯೋಸಿಮಿಲರ್ ಅನ್ನು ಮೂಲ ಬೆಲೆಯ ಸುಮಾರು ಐದನೇ ಒಂದು ಭಾಗಕ್ಕೆ ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ಅಡಾಲಿಮುಮ್ಯಾಬ್‌ಗೆ ಇಂಥ ಪೈಪೋಟಿ ಬಂದದ್ದು 2023ರಲ್ಲಿ.

ಮರುತಯಾರಿಕೆ ಮೂಲದಷ್ಟೇ ಒಳ್ಳೆಯದೇ ಎಂಬ ವಾದ ಜೋರಾಗಿ ನಡೆಯಿತು. ನಾರ್ವೆ ಸರ್ಕಾರದ ಹಣದಿಂದ ನಡೆದ ನಾರ್-ಸ್ವಿಚ್ ಪ್ರಯೋಗ 482 ರೋಗಿಗಳಲ್ಲಿ, ಮೂಲ ಇನ್‌ಫ್ಲಿಕ್ಸಿಮ್ಯಾಬ್‌ನಿಂದ ಬಯೋಸಿಮಿಲರ್‌ಗೆ ಬದಲಿಸಿದರೆ ರೋಗ ಹೆಚ್ಚು ಕೆರಳುವುದಿಲ್ಲವೆಂದು 2017ರಲ್ಲಿ ಹೇಳಿತು. ಕ್ರೋನ್ಸ್ ಗುಂಪನ್ನು ಬೇರೆಯಾಗಿ ನೋಡಿದರೆ ಅಂಕಿಗಳು ಅಷ್ಟು ಖಚಿತವಲ್ಲ ಎಂದವರೂ ಇದ್ದರು. ನಂತರದ ವರ್ಷಗಳ ಅನುಭವ ಹೆಚ್ಚಿನ ವೈದ್ಯರ ಅಂಜಿಕೆ ಕಳೆದಿದೆ.

ಕರ್ನಾಟಕ ಈ ಕಥೆಯಲ್ಲಿ ಬರಿಯ ಕೊಳ್ಳುಗನಾಗಿ ಉಳಿಯಲಿಲ್ಲ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಬಯೋಕಾನ್ ಕಿಣ್ವಗಳಿಂದ ಶುರುವಾಗಿ ಇನ್ಸುಲಿನ್, ಪ್ರತಿಕಾಯಗಳವರೆಗೆ ಬೆಳೆಯಿತು. ಜಪಾನಿನ ಫ್ಯೂಜಿಫಿಲ್ಮ್ ಕ್ಯೋವಾ ಕಿರಿನ್ ರೂಪಿಸಿದ ಅಡಾಲಿಮುಮ್ಯಾಬ್ ಬಯೋಸಿಮಿಲರ್‌ನ ಮಾರಾಟದಲ್ಲಿ ಅದು ಪಾಲುದಾರ. ಕ್ರೋನ್ಸ್ ಮತ್ತು ಕೊಲೈಟಿಸ್ ಎರಡಕ್ಕೂ ಬಳಸುವ ಉಸ್ಟೆಕಿನುಮ್ಯಾಬ್‌ನ ತನ್ನದೇ ಬಯೋಸಿಮಿಲರ್ ‘ಯೆಸಿಂಟೆಕ್’ಗೆ ಅದು 2024ರ ಕೊನೆಯಲ್ಲಿ ಅಮೆರಿಕದ ಒಪ್ಪಿಗೆ ಪಡೆದು, 2025ರ ಫೆಬ್ರುವರಿಯಲ್ಲಿ ಅಲ್ಲಿ ಮಾರಾಟ ಆರಂಭಿಸಿತು. ಸೆಂಟೊಕೋರ್‌ನ ಪ್ರಯೋಗಶಾಲೆಯಲ್ಲಿ ಹುಟ್ಟಿದ ಇನ್ನೊಂದು ಪ್ರತಿಕಾಯ ಹೀಗೆ ಬೆಂಗಳೂರಿನ ಕಂಪನಿಯ ಮೂಲಕ ಅಮೆರಿಕಕ್ಕೆ ಹಿಂತಿರುಗಿತು.

ತುಮಕೂರಿನ ಹಳೆಯ ಪಾಠ

ಈ ಔಷಧಿಗಳು ಎಲ್ಲರನ್ನೂ ಗುಣಪಡಿಸಲಿಲ್ಲ. ಸುಮಾರು ಮೂರರಲ್ಲಿ ಒಬ್ಬರಿಗೆ ಟಿಎನ್ಎಫ್ ಮದ್ದು ಮೊದಲಿಂದಲೇ ನಾಟುವುದಿಲ್ಲ, ಇನ್ನು ಕೆಲವರಲ್ಲಿ ಕಾಲಕ್ರಮೇಣ ಸವೆಯುತ್ತದೆ. ಬಲವಾದ ಮದ್ದನ್ನು ಮೊದಲೇ ಕೊಡಬೇಕೋ, ಸೌಮ್ಯವಾದವು ಸೋತ ಮೇಲೋ ಎಂಬ ಚರ್ಚೆ 2008ರಿಂದ ಬಿಸಿಯಾಗಿದೆ. ಕ್ರೋನ್ಸ್‌ನಲ್ಲಿ ಬೇಗ ಕೊಡುವ ಪಕ್ಷ ಗೆಲ್ಲುತ್ತಿದೆ. ಆದರೆ ಚಿಕಿತ್ಸೆಯ ಗುರಿಯನ್ನೇ ಈ ಔಷಧಿಗಳು ಬದಲಿಸಿದವು. ಹಿಂದೆ ನೋವು ತಗ್ಗಿದರೆ ಸಾಕಿತ್ತು, ಈಗ ಕರುಳಿನ ಹುಣ್ಣು ಪೂರ್ತಿ ಮಾಯಬೇಕೆಂದು ವೈದ್ಯರು ಹಟ ಹಿಡಿಯುತ್ತಾರೆ.

ರೋಗವೂ ಊರು ಬದಲಿಸುತ್ತಿದೆ. ಐಬಿಡಿ ಪಾಶ್ಚಾತ್ಯರದ್ದೆಂಬ ನಂಬಿಕೆಯನ್ನು 2003ರಲ್ಲಿ ಲುಧಿಯಾನಾದ ಅಜಿತ್ ಸೂದ್ ತಂಡ ಅಲುಗಿಸಿತು. ಪಂಜಾಬಿನಲ್ಲಿ ಲಕ್ಷಕ್ಕೆ 44.3 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಹೈದರಾಬಾದಿನ ಎಐಜಿ ಆಸ್ಪತ್ರೆಯ ತಂಡ ಹೊಟ್ಟೆಯ ತೊಂದರೆಯಿದ್ದ 30,000ಕ್ಕೂ ಹೆಚ್ಚು ಜನರನ್ನು ಕೊಲೊನೋಸ್ಕೋಪಿಯಿಂದ ನೋಡಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹಳ್ಳಿಯವರ ಪಾಲು ನಗರದವರಿಗೆ ಹತ್ತಿರವೇ ಇತ್ತು. ರೋಗ ನಿಜಕ್ಕೂ ಹೆಚ್ಚಿತೋ, ಕಾಣುವ ಕಣ್ಣು ಹೆಚ್ಚಿತೋ ಎಂಬುದು ವಿವಾದ. ಬದಲಾದ ಊಟ, ಆ್ಯಂಟಿಬಯೋಟಿಕ್ ಬಳಕೆಗಳನ್ನು ಕೆಲವರು ಹೊಣೆ ಮಾಡುತ್ತಾರೆ. ಎರಡೂ ವಾದಗಳಿಂದ ಏಳುವ ಮಾತು ಒಂದೇ: ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲೂ ಈ ರೋಗಿಗಳು ಇರಲೇಬೇಕು.

ಅವರನ್ನು ಹುಡುಕುವ ಬಗೆ ನಮ್ಮ ರಾಜ್ಯದಲ್ಲೇ ಒಮ್ಮೆ ಪರೀಕ್ಷೆಯಾಗಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರನ್ನು ಮಾತಾಡಿಸಿ 1963ರಲ್ಲಿ ಬರೆದ ಲೇಖನ ಜಗತ್ತಿನ ಕ್ಷಯ ನೀತಿಯನ್ನು ತಿದ್ದಿತು. ಹಳ್ಳಿಗರು ರೋಗದ ಬಗ್ಗೆ ಅಸಡ್ಡೆ ಮಾಡುತ್ತಾರೆಂದು ಎಲ್ಲರೂ ಭಾವಿಸಿದ್ದರು. ಕಂಡದ್ದು ಬೇರೆ: ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮರಳಿದ್ದರು. ರೋಗಿ ಬಂದಿದ್ದ, ಆಸ್ಪತ್ರೆ ಗುರುತಿಸಿರಲಿಲ್ಲ.

ಕರುಳಿನ ಕಾಯಿಲೆಯಲ್ಲಿ ಇಂದು ಅದೇ ನಡೆಯುತ್ತಿದೆ. ರಕ್ತಭೇದಿಯವನು ಬರುತ್ತಾನೆ, ಆಮಶಂಕೆಯ ಮಾತ್ರೆ ಪಡೆದು ಹೋಗುತ್ತಾನೆ. ಶಸ್ತ್ರಚಿಕಿತ್ಸೆ ಮತ್ತು ಒಳರೋಗಿಗಳ ಸುತ್ತ ಕಟ್ಟಿದ ಸರ್ಕಾರಿ ವಿಮೆಗಳಿಗೆ ಎಂಟು ವಾರಕ್ಕೊಮ್ಮೆ, ವರ್ಷಗಟ್ಟಲೆ ನಡೆಯುವ ಚಿಕಿತ್ಸೆ ಒಗ್ಗುವುದಿಲ್ಲ. ಅಡಾಲಿಮುಮ್ಯಾಬ್‌ನ ಬೆಲೆಯನ್ನು ಭಾರತದ ಕಾರ್ಖಾನೆಗಳು ಐದನೇ ಒಂದಕ್ಕೆ ಇಳಿಸಿದವು. ಆದರೆ ಆರು ವಾರ ಮೀರಿದ ರಕ್ತಭೇದಿಯನ್ನು ತಾಲ್ಲೂಕು ಆಸ್ಪತ್ರೆಯಿಂದ ಕೊಲೊನೋಸ್ಕೋಪಿಗೆ ಕಳಿಸುವ ನಿಯಮ, ಕ್ಷಯದ ಶೋಧ, ಡೋಸು ತಪ್ಪದಂತೆ ಸಾರ್ವಜನಿಕ ಖರೀದಿ, ಈ ಮೂರನ್ನು ಕಾರ್ಖಾನೆ ಕೊಡಲಾರದು. ಅರವತ್ತು ವರ್ಷಗಳ ಹಿಂದೆ ತುಮಕೂರಿನ ಉತ್ತರ ಕೇಳಿ ಕ್ಷಯ ಕಾರ್ಯಕ್ರಮವನ್ನು ಜಿಲ್ಲೆಗಳಿಗೆ ಒಯ್ದ ಆಡಳಿತಕ್ಕೆ ಇದು ಹೊಸ ವಿದ್ಯೆಯೇನಲ್ಲ.